ದಯವಿಟ್ಟು ಮುಟ್ಟಬೇಡಿ

ಏಸಿಯ ಗಾಳಿ ಮತ್ತೆ ಕತ್ತಿನ ಹಿಂಭಾಗಕ್ಕೇ ಹೊಡೆಯುತ್ತಿದೆ, ಕುರ್ಚಿ ಸರಿಸಬೇಕು, ಸರಿಸುವುದಿಲ್ಲ, ಹನ್ನೆರಡೂ ಮುಕ್ಕಾಲು, ಇನ್ನು ಕಾಲು ಗಂಟೆಗೆ ಊಟದ ಸೈರನ್, ಸೈರನ್ ಆದ ಕೂಡಲೇ ನಲವತ್ತೆರಡು ಕಂಪ್ಯೂಟರಿಗೂ ಒಟ್ಟಿಗೇ ಅಪ್‌ಡೇಟ್ ಹೋಗಬೇಕು, ಹೋದ ಸಲದ ತರಾನೇ ಮಾಡ್ಬುಡಿ ಮೃತ್ಯುಂಜಯ, ನಲವತ್ತೆರಡಕ್ಕೆ ನಲವತ್ತೆರಡೂ ಆಯ್ತಲ್ಲ, ಹೆಡ್ ಆಫೀಸ್ನೋರು ಬಾಳ ಖುಷಿಯಾಗವ್ರೆ, ಅಂತ ಬೆಳಿಗ್ಗೆ ಮ್ಯಾನೇಜರ್ ಬಸವರಾಜು ಬಾಗಿಲಲ್ಲೇ ನಿಂತು ಹೇಳಿ ಹೋದರು — ಹೋದ ಸಲದ ತರ. ಹೋದ ಸಲ ಎಂದರೆ ಹದಿನೆಂಟು ದಿನದ ಹಿಂದೆ. ಹೂಟಗಳ್ಳಿಯ ಈ ಕಾರ್ಖಾನೆಗೆ ನಾನು ಸೇರಿದ ತೊಂಬತ್ತೈದರಲ್ಲಿ ಮೂರು ಕಂಪ್ಯೂಟರ್ ಇದ್ದವು, ಈಗ ಎರಡು ಸಾವಿರದ ನಾಲ್ಕು, ನಲವತ್ತೆರಡಾಗಿವೆ, ನೋಡಿಕೊಳ್ಳುವವನು ಆಗಲೂ ನಾನೊಬ್ಬನೇ, ಈಗಲೂ ನಾನೊಬ್ಬನೇ, ಕೆಟ್ಟರೆ ಮೃತ್ಯುಂಜಯ, ನಿಧಾನವಾದರೆ ಮೃತ್ಯುಂಜಯ, ಚೆನ್ನಾಗಿ ನಡೆಯುವ ದಿನ ಯಾರಿಗೂ ಈ ಹೆಸರು ನೆನಪಿರುವುದಿಲ್ಲ.

ಜನ ಸುಮ್ಮನೆ ಕೂರುವುದಿಲ್ಲ, ಅದೇ ತೊಂದರೆ. ಅಪ್‌ಡೇಟ್ ಅರ್ಧ ಆಗಿರುತ್ತದೆ, ಯಾರೋ ಕೀ ಒತ್ತುತ್ತಾರೆ, ಯಾರೋ ಮೌಸ್ ಕುಟ್ಟುತ್ತಾರೆ, ಜನವರಿಯಲ್ಲಿ ಸ್ಟೋರ್ಸಿನ ಗೋವಿಂದರಾಜು ಪ್ಲಗ್ಗನ್ನೇ ಕಿತ್ತರು, ಎಷ್ಟೊತ್ತಾದ್ರೂ ಅಂಗೇ ನಿಂತಿತ್ತು ಸಾರ್, ಕೆಟ್ಟೋಯ್ತೇನೋ ಅಂತ ಗಾಬರಿಗೆ ಕಿತ್ಬುಟ್ಟೆ, ಆ ಕಂಪ್ಯೂಟರ್ ಮತ್ತೆ ಏಳಲಿಲ್ಲ, ಎರಡು ದಿನ ನೆಲದ ಮೇಲೆ ಕೂತು ಒಂದೊಂದೇ ಸೀಡಿ ಹಾಕಿ ಎಬ್ಬಿಸಿದೆ, ಆಗ ಹಿಡಿದುಕೊಂಡ ಬೆನ್ನು ಇನ್ನೂ ಬಿಟ್ಟಿಲ್ಲ. ಸಾಕಾಗಿತ್ತು. ಅಪ್‌ಡೇಟನ್ನು ತಾನೇ ನಡೆಸುವ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದೆ, ಒಂದೇ ಸಾಲು, ಎಲ್ಲ ಮುಗಿಯುವ ತನಕ ಕೀಬೋರ್ಡೂ ಕೆಲಸ ಮಾಡಬಾರದು ಮೌಸೂ ಮಾಡಬಾರದು, ಪರದೆಯ ನಡುವೆ ಒಂದು ಬೂದು ಪೆಟ್ಟಿಗೆ, ಅದರೊಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಅಪ್‌ಡೇಟ್ ನಡೆಯುತ್ತಿದೆ, ಮುಟ್ಟಬೇಡಿ. ಮನೆಯಲ್ಲಿ ಶಿಲ್ಪಶ್ರೀಗೆ ಹೇಳಿದರೆ, ಏನ್ರೀ ನಾಯಿಗೆ ಗದರಿಸ್ದಂಗೆ, ದಯವಿಟ್ಟು ಅಂತಾದ್ರೂ ಹಾಕಬಾರ್ದಾ ಅಂದಳು, ಹಾಕಿದೆ, ಹೆಂಡತಿಯ ಮಾತು ಕೇಳಿದ ನೆಮ್ಮದಿಯಲ್ಲಿ ಮಲಗಿದೆ.

ಹದಿನೆಂಟು ದಿನದ ಹಿಂದಿನ ಆ ದಿನವೂ ಇದೇ ಊಟದ ಹೊತ್ತು, ಒಂದು ಗಂಟೆಯಾಗಿ ಎರಡು ನಿಮಿಷ, ಫೋನ್ ಬಡಿಯಿತು, ಟೈಮ್ ಆಫೀಸಿನ ಇಂದ್ರಮ್ಮ, ಗೇಟಿನ ಪಕ್ಕ ಕೂತು ಕೆಲಸಗಾರರ ಹಾಜರಿ ನೋಡಿಕೊಳ್ಳುವವರು. ಸಾರ್ ನನ್ ಕಂಪ್ಯೂಟರ್ ಒಂದ್ನಿಮಿಷ ಬುಟ್ಕೊಡಿ — ಆಗಲ್ಲ ಇಂದ್ರಮ್ಮ, ಅಪ್‌ಡೇಟ್ ನಡೀತಾ ಇದೆ — ಅರ್ಜೆಂಟು ಸಾರ್, ಪ್ರೆಸ್ ಸೆಕ್ಷನ್ ಸಣ್ಣಯ್ಯಂದು — ಎಲ್ಲರದ್ದೂ ಅರ್ಜೆಂಟೇ ಕಣಮ್ಮ, ನಲವತ್ತು ನಿಮಿಷ, ಸ್ವಿಚ್ ಮುಟ್ಟಿದ್ರೆ ನಿಮ್ಮ ಹೆಸರು ಬರೆದು ಕಳಿಸ್ತೀನಿ, ಅಂತ ಇಟ್ಟುಬಿಟ್ಟೆ. ಮತ್ತೆ ಬಡಿಯಿತು, ರಿಸೀವರನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದೆ, ಡಬ್ಬಿ ತೆಗೆದು ಮೊಸರನ್ನ ತಿಂದೆ, ಶಿಲ್ಪಶ್ರೀ ಉಪ್ಪಿನಕಾಯಿ ಮರೆತಿದ್ದಳು, ಅದಕ್ಕೂ ಬೇಸರ ಮಾಡಿಕೊಂಡೆ. ಇಂದ್ರಮ್ಮ ಈ ಮಹಡಿಯ ತನಕ ಓಡಿಬಂದು ಬಾಗಿಲು ಬಡಿದರಂತೆ. ಏಸಿಯ ಸದ್ದಿನಲ್ಲಿ ಕೇಳಿಸಲಿಲ್ಲ, ಕೇಳಿಸಲಿಲ್ಲ ಅಂತಲೇ ಅಂದುಕೊಂಡಿದ್ದೇನೆ. ಒಂದೂ ನಲವತ್ತಕ್ಕೆ ನಲವತ್ತೆರಡೂ ಮುಗಿದವು, ರಿಸೀವರ್ ಮತ್ತೆ ಇಟ್ಟೆ, ಕೈ ತೊಳೆದೆ.

ಸೈರನ್ನಿಗೆ ಸ್ವಲ್ಪ ಮುಂಚೆ ಸಣ್ಣಯ್ಯನ ಬಲಗೈ ಪ್ರೆಸ್ ಯಂತ್ರಕ್ಕೆ ಸಿಕ್ಕಿತ್ತು. ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು, ಮಂಡಕಳ್ಳಿಯಲ್ಲಿರುವ ಅವನ ಹೆಂಡತಿ ಪುಟ್ಟಲಿಂಗಮ್ಮನಿಗೆ ಸುದ್ದಿ ಮುಟ್ಟಿಸಬೇಕಿತ್ತು, ಮನೆಗೆ ಫೋನಿಲ್ಲ, ಪಕ್ಕದ ಅಂಗಡಿಯ ನಂಬರು ಕಂಪ್ಯೂಟರಿನೊಳಗಿದೆ, ನಂಬರು ಬರೆದಿಡುತ್ತಿದ್ದ ಹಳೆಯ ಪುಸ್ತಕಗಳನ್ನು ಇನ್ನು ಯಾಕೆ ಅಂತ ಗೋಡೌನಿಗೆ ಸಾಗಿಸಿದವನೂ ನಾನೇ. ನಂಬರು ಸಿಕ್ಕಿದ್ದು ಒಂದೂ ನಲವತ್ತರ ಮೇಲೆ, ಪುಟ್ಟಲಿಂಗಮ್ಮ ಬಸ್ಸು ಹಿಡಿದು ಬರುವಷ್ಟರಲ್ಲಿ ಮೂರು, ಅಷ್ಟರಲ್ಲಿ ಮಣಿಕಟ್ಟಿನ ತನಕ ತೆಗೆದಾಗಿತ್ತು. ಆಕೆ ಬೇಗ ಬಂದಿದ್ದರೂ ಕೈ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು, ಆ ಮಾತನ್ನು ಹದಿನೆಂಟು ದಿನದಿಂದ ಹಿಡಿದುಕೊಂಡೇ ಓಡಾಡುತ್ತಿದ್ದೇನೆ, ಏನೂ ಹಗುರವಾಗಲಿಲ್ಲ. ಹೇಳಿಬಿಡೋಣ ಅಂತ ಭಾನುವಾರ ಆಸ್ಪತ್ರೆಗೆ ಹೋದೆ, ಸಣ್ಣಯ್ಯ ನಿದ್ದೆಯಲ್ಲಿದ್ದ, ಬನ್ನಿ ಸಾರ್ ಕೂತ್ಕಳಿ ಅಂತ ಪುಟ್ಟಲಿಂಗಮ್ಮ ಇದ್ದ ಒಂದೇ ಸ್ಟೂಲು ಕೊಟ್ಟು ತಾನು ಗೋಡೆಗೆ ಒರಗಿ ನಿಂತಳು, ದಾರಿಯುದ್ದಕ್ಕೂ ಪುಟ್ಟಿ ಬಂದ್ಲಾ ಪುಟ್ಟಿ ಬಂದ್ಲಾ ಅಂತ ಕೇಳ್ತಿದ್ರಂತೆ ಸಾರ್, ಕೈ ಓಗ್ಲಿ, ಓಗೋಕ್ ಮುಂಚೆ ಒಂದ್ಸಲ ಇಡ್ಕಬೇಕಿತ್ತು ನಾನು, ಅಷ್ಟೇಯ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, ಊಟ ಆಯ್ತೇನಮ್ಮ ಅಂತ.

ನಿನ್ನೆ ಟೈಮ್ ಆಫೀಸಿಗೆ ಹೋದೆ, ನಾನೇ ಹೋದೆ. ಸುದ್ದಿ ಯಾಕ್ ತಡ ಆಯ್ತು ಅಂತ ಮ್ಯಾನೇಜರ್ ಕೇಳುದ್ರು, ಫೋನ್ ಲೈನ್ ಸಿಕ್ಕಿಲ್ಲ ಅಂತ ಬರ್ಕೊಟ್ಟಿದೀನಿ ಸಾರ್, ನಿಮ್ಮೆಸ್ರು ತಂದಿಲ್ಲ, ಅಂದರು ಇಂದ್ರಮ್ಮ, ನನ್ನ ಮುಖ ನೋಡದೆ. ಕಂಪ್ಯೂಟರ್ ಆಫ್ ಆಗಿತ್ತು, ಕಿಟಕಿಯ ಬೆಳಕು ಅಡ್ಡವಾಗಿ ಬಿದ್ದು ಕಪ್ಪು ಗಾಜಿನ ಧೂಳೆಲ್ಲ ಕಾಣುತ್ತಿತ್ತು, ಧೂಳಿನ ನಡುವೆ ಬೆರಳು ಎಳೆದ ಗುರುತು, ನಾಲ್ಕು ಗೆರೆ. ಇದೇನು ಅಂದೆ. ಸಣ್ಣಯ್ಯನ ಕಾರ್ಡು ತೆಗ್ದಿದ್ದೆ ಸಾರ್, ಸೈರನ್ ಆಯ್ತು, ನಿಮ್ ಪೆಟ್ಟಿಗೆ ಬಂದು ನಂಬರ್ ಮ್ಯಾಲೇ ಕೂತ್ಬುಡ್ತು, ಅವ್ನ ಫೋಟೋ ಕಾಣ್ತಿತ್ತು, ಹೆಸರು ಕಾಣ್ತಿತ್ತು, ನಂಬರೊಂದೇ ಇಲ್ಲ, ಕೈಯಲ್ಲೇ ಪಕ್ಕಕ್ ತಳ್ಳೋಕ್ ನೋಡ್ದೆ, ಗಾಜು ಅನ್ನೋದೇ ಮರ್ತೋಗಿತ್ತು. ಒರೆಸಲಿಲ್ಲವೇ ಅಂದರೆ, ಮನಸ್ ಬರ್ಲಿಲ್ಲ ಸಾರ್.

ಒಂದು ಗಂಟೆಗೆ ಎರಡು ನಿಮಿಷವಿದೆ. ಸ್ಕ್ರಿಪ್ಟಿನಿಂದ ಆ ಸಾಲನ್ನು ಅಳಿಸಿದೆ. ಇವತ್ತು ಯಾರು ಬೇಕಾದರೂ ಮುಟ್ಟಬಹುದು, ಮುಟ್ಟುತ್ತಾರೆ, ನಾಲ್ಕೋ ಐದೋ ಕೆಟ್ಟು ಮಲಗುತ್ತವೆ, ನಾನು ಮತ್ತೆ ನೆಲದ ಮೇಲೆ ಕೂರುತ್ತೇನೆ, ಬಸವರಾಜು ಬಂದು ಯಾಕೆ ಅನ್ನುತ್ತಾರೆ, ಆಗ ಹೇಳಬೇಕು, ಲೈನ್ ಸಿಕ್ಕಿತ್ತು ಸಾರ್, ಇಟ್ಟವನು ನಾನು, ಇಂದ್ರಮ್ಮ ಬರೆದದ್ದು ನನ್ನನ್ನು ಉಳಿಸಲಿಕ್ಕೆ — ಹೇಳುತ್ತೇನೆಯೇ, ಹೇಳಬೇಕು, ಸೈರನ್, ಅಪ್‌ಡೇಟ್ ಹೊರಟಿತು, ಮೂರನೇ ನಿಮಿಷಕ್ಕೇ ಸ್ಟೋರ್ಸಿನ ಕಂಪ್ಯೂಟರ್ ನಿಂತಿತು, ಗೋವಿಂದರಾಜು ಇರಬೇಕು, ಇರಲಿ, ಫೋನ್ ಬಡಿಯುತ್ತಿದೆ, ಒಂದೇ ರಿಂಗಿಗೆ ಎತ್ತಿದೆ, ಹೇಳಿ, ಕೇಳ್ತಾ ಇದೀನಿ ಹೇಳಿ, ಆ ಕಡೆ ಯಾರೋ ಏನೋ ಹೇಳುತ್ತಿದ್ದಾರೆ, ನನ್ನ ಕಣ್ಣ ಮುಂದೆ ಟೈಮ್ ಆಫೀಸಿನ ಆ ಕಪ್ಪು ಗಾಜು, ಧೂಳು, ಎಡದಿಂದ ಬಲಕ್ಕೆ ನಾಲ್ಕು ಬೆರಳು, ಎಡದಿಂದ ಬಲಕ್ಕೆ, ನಾಲ್ಕು ಬೆರಳು