ನಮ್ಮ ರಿಪೀಟರಿನ ಉದ್ಘಾಟನೆ

ನಮ್ಮವರಿಗೆ ವೇದಿಕೆ, ಶಾಲು, ಮೈಕು ಸಿಕ್ಕಿದರೆ ಮುಗಿಯಿತು, ಎಂಥ ಒಳ್ಳೆಯ ಕೆಲಸವನ್ನೂ ಹಾಳು ಮಾಡಿಬಿಡುತ್ತಾರೆ. ಬೇರೆಯವರನ್ನು ಯಾಕೆ ಬೈಯಲಿ, ನಾನೂ ಅವರಲ್ಲೊಬ್ಬ.

ದುಬೈಯಲ್ಲಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕೆ ವೈರ್‌ಲೆಸ್ ಸೆಟ್ಟಿನಲ್ಲಿ ಮಾತಾಡುವ ಹುಚ್ಚಿನ ಕರಾವಳಿಯವರದೊಂದು ಕ್ಲಬ್ಬಿತ್ತು. ಕೈಯಲ್ಲಿ ಹಿಡಿಯುವ ಸೆಟ್ಟಿನ ದನಿ ಅಬುಧಾಬಿಗೆ ಮುಟ್ಟುವುದಿಲ್ಲ. ಎತ್ತರದಲ್ಲೊಂದು ರಿಪೀಟರ್ ಇಟ್ಟರೆ ಅದು ದನಿಯನ್ನು ಹಿಡಿದು, ಬಲ ತುಂಬಿ, ಮುಂದಕ್ಕೆ ಕಳಿಸುತ್ತದೆ. ಪರವಾನಗಿಗೆ ಎರಡು ವರ್ಷ ಅಲೆದು, ಜೆಬೆಲ್ ಅಲಿಯ ಕಟ್ಟಡವೊಂದರ ತಾರಸಿಯಲ್ಲಿ ಅದನ್ನು ನಿಲ್ಲಿಸಿದವರು ಲೆಸ್ಟರಣ್ಣ. ಆಗಸ್ಟಿನ ಬಿಸಿಲಿನಲ್ಲಿ ಅಂಗೈ ಸುಟ್ಟುಕೊಂಡು ಆಂಟೆನಾ ಕಟ್ಟಿದರು. ಬಾಕಿಯವರು ಎ.ಸಿ.ಯಲ್ಲಿ ಕೂತು ಆಮಂತ್ರಣ ಪತ್ರಿಕೆಯಲ್ಲಿ ಯಾರ ಫೋಟೊ ದೊಡ್ಡದಿರಬೇಕೆಂದು ಕಚ್ಚಾಡುತ್ತಿದ್ದರು. ಥೂ!

ಲೆಸ್ಟರಣ್ಣನಿಗೆ ಅರವತ್ತಾಗಿ ಕೆಲಸ ಮುಗಿದು ವೀಸಾ ರದ್ದಾಗಿತ್ತು. ಉದ್ಘಾಟನೆಯ ಶುಕ್ರವಾರವೇ ಸಂಜೆ ಮಂಗಳೂರಿನ ವಿಮಾನ. ಅವರ ಆಸೆ ಒಂದೇ, ಹೊರಡುವ ಮೊದಲು ಆ ರಿಪೀಟರಿನಲ್ಲಿ ಅಬುಧಾಬಿಯ ಆಸ್ವಾಲ್ಡರನ್ನು ಒಮ್ಮೆ ಕರೆಯಬೇಕು. ಇಬ್ಬರೂ ಒಟ್ಟಿಗೆ ಹ್ಯಾಮ್ ಪರೀಕ್ಷೆ ಪಾಸಾದವರು. ಗಲ್ಫಿಗೆ ಬಂದು ಇಪ್ಪತ್ತು ವರ್ಷವಾದರೂ ಸೆಟ್ಟಿನಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿರಲಿಲ್ಲ. ಫೋನಿಲ್ಲವೇ ಎನ್ನುವವರಿಗೆ ಈ ಹುಚ್ಚು ಅರ್ಥವಾಗದು.

ಆದರೆ ಕ್ಲಬ್ಬಿನ ಅಧ್ಯಕ್ಷ ಡ್ಯಾರಲ್‌ನ ಅಪ್ಪಣೆಯಾಗಿತ್ತು: ಮೊದಲ ದನಿ ಊರಿನಿಂದ ಬರುವ ಮುಖ್ಯ ಅತಿಥಿಯದೇ ಆಗಬೇಕು, ಅಲ್ಲಿಯವರೆಗೆ ಯಾರೂ ಮಾತಾಡಕೂಡದು. ಲೆಸ್ಟರಣ್ಣ ಪಾಪ, ಒಪ್ಪಿಕೊಂಡರು. ಅವರು ರಿಪೀಟರಿಗೊಂದು ಟೈಮರ್ ಕೂರಿಸಿದ್ದರು. ಒಬ್ಬರೇ ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಅದು ಮಾತನ್ನು ಕತ್ತರಿಸುತ್ತದೆ, ಇಲ್ಲದಿದ್ದರೆ ಯಂತ್ರ ಕಾದು ಸುಟ್ಟುಹೋಗುತ್ತದೆ.

ಬುಧವಾರ ಡ್ಯಾರಲ್ ನನ್ನನ್ನು ಬದಿಗೆ ಕರೆದ. "ನೌಶಾದ್, ಚೀಫ್ ಗೆಸ್ಟ್ ಮಾತಾಡುವಾಗ ಕಟ್ ಆದ್ರೆ ನಮ್ಮ ಮರ್ಯಾದೆ ಎಂತ ಉಳೀತದೆ? ಆ ಟೈಮರ್ ತೆಗಿ ಮಾರಾಯ."

"ಲೆಸ್ಟರಣ್ಣ ಒಪ್ಪುದಿಲ್ಲ."

"ಅವರಿಗೆ ಹೇಳುದು ಯಾಕೆ? ಮುಂದಿನ ಸೆಕ್ರೆಟರಿ ನೀನೇ ಅಲ್ವಾ?"

ಆ ಒಂದು ಮಾತಿಗೆ ನಾನು ಬಾಲ ಅಲ್ಲಾಡಿಸಿದೆ. ಮರುದಿನ ತಾರಸಿಗೆ ಹೋಗಿ ಟೈಮರ್ ಬಂದ್ ಮಾಡಿ ಬಂದೆ.

ಶುಕ್ರವಾರ ಬರ್ ದುಬೈಯ ಹೋಟೆಲ್ ಹಾಲಿನಲ್ಲಿ ಕಾರ್ಯಕ್ರಮ. ತಡವಾಗಿ ಬಂದ ಮಹಾಶಯರು ಸೆಟ್ಟಿನ ಗುಂಡಿ ಒತ್ತಿದವರು ಬಿಡಲೇ ಇಲ್ಲ. ತಮ್ಮ ಬಾಲ್ಯ, ತಮ್ಮ ತ್ಯಾಗ, ತಾವು ಮಾಡಿಸಿದ ರಸ್ತೆ, ನಡುನಡುವೆ ಚಪ್ಪಾಳೆ. ರೇಡಿಯೊ ಬಗ್ಗೆ ಒಂದಕ್ಷರವಿಲ್ಲ. ನಲವತ್ತು ನಿಮಿಷವಾಗುವ ಹೊತ್ತಿಗೆ, ಬದಿಯಲ್ಲಿಟ್ಟಿದ್ದ ಇನ್ನೊಂದು ಸೆಟ್ಟಿನಲ್ಲಿ ಬರುತ್ತಿದ್ದ ಅವರ ದನಿ ನಿಂತಿತು. ಹಾಲಿನ ಮೈಕಿನಲ್ಲಿ ಭಾಷಣ ಸಾಗುತ್ತಲೇ ಇತ್ತು. ತಾರಸಿಯಲ್ಲಿ ರಿಪೀಟರ್ ಸುಟ್ಟುಹೋಗಿತ್ತು.

ಕೊನೆಗೆ ಲೆಸ್ಟರಣ್ಣನಿಗೆ ಶಾಲು ಹೊದೆಸಿ ಸೆಟ್ಟು ಕೊಟ್ಟರು. "ಆಸ್ವಾಲ್ಡ್, ಲೆಸ್ಟರ್ ಮಾತಾಡುದು. ಕೇಳ್ತದಾ?" ಮೂರು ಸಲ ಕರೆದರು. ಒಂದು ಸದ್ದೂ ಇಲ್ಲ.

"ಖಲಾಸ್ ಲೆಸ್ಟರಣ್ಣ, ಬಿರಿಯಾನಿ ತಣ್ಣಗಾಗ್ತದೆ," ಎಂದ ಡ್ಯಾರಲ್. ಜನ ನಕ್ಕರು.

ಅವರನ್ನು ಏರ್‌ಪೋರ್ಟಿಗೆ ಬಿಟ್ಟವನು ನಾನೇ. ಇಳಿಯುವಾಗ ಅವರು ನನ್ನ ಕೈ ಹಿಡಿದುಕೊಂಡರು.

"ಟೈಮರ್ ಕೆಲಸ ಮಾಡ್ಲಿಲ್ಲ ನೋಡು. ನಾನೇ ಎಲ್ಲೋ ತಪ್ಪು ಜೋಡಿಸಿದ್ದೇನೆ, ಕಣ್ಣು ಮೊದಲಿನ ಹಾಗಿಲ್ಲ. ಕೆಡಿಸಿದ್ದು ಲೆಸ್ಟರೇ ಅಂತ ಆಸ್ವಾಲ್ಡನಿಗೆ ಹೇಳು, ಕಾದು ಕೂತಿರ್ತಾನೆ."

ನಿಜ ನಾಲಿಗೆಯ ತುದಿಗೆ ಬಂದಿತ್ತು. "ಆಯ್ತು ಲೆಸ್ಟರಣ್ಣ," ಎಂದೆ.

ಮರುದಿನ ಆಸ್ವಾಲ್ಡರಿಗೆ ಫೋನ್ ಮಾಡಿ ಹಾಗೆಯೇ ಹೇಳಿದೆ.