ತಗಡಿನ ಶೆಡ್ಡು ಕಾದವನು

ಗುದ್ದಲಿ ಮತ್ತೆ ಬಂಡೆಗೆ ಬಡಿಯಿತು. ತೊರೊಮೊನಾ ಗುಂಡಿಯೊಳಗಿಂದಲೇ ತಲೆಯೆತ್ತಿದ.

"ದೊಡ್ಡಮ್ಮ, ಅಕಾಕಿಯೋ ದೊಡ್ಡಪ್ಪನ ಈ ಹಿತ್ತಲಲ್ಲಿ ಬರೀ ಕಲ್ಲು. ಚರ್ಚಿನ ಹತ್ರ ಅವರ ಹೆಂಡ್ತಿ ಪಕ್ಕದಲ್ಲೇ ಜಾಗ ಇದೆಯಲ್ಲ, ಅಲ್ಲೇ ಮಣ್ಣು ಮಾಡೋಣ."

"ಸುಮ್ನೆ ಅಗಿ," ಎಂದಳು ಕರಮೆಲಾ. "ನನ್ನ ತಂಗಿ ಸಾಯೋವಾಗ ಕೇಳ್ಕೊಂಡಿದ್ದು ಅದೊಂದೇ. ಅಕಾಕಿಯೋನ ನನ್ನ ಪಕ್ಕ ಮಲಗಿಸಬೇಡ ಅಂತ."

"ಸತ್ತ ಮೇಲೂ ಜಗಳಾನಾ?"

"ಬದುಕಿದ್ದಾಗ ಮಾತೇ ಆಡ್ಲಿಲ್ಲ. ಇನ್ನು ಜಗಳ ಎಲ್ಲಿಂದ ಬಂತು?"

ದೀವಿಹಲಸಿನ ಮರದಡಿ ಶವಪೆಟ್ಟಿಗೆ ಕಾಯುತ್ತಿತ್ತು. ಪಾದ್ರಿಯನ್ನು ಬಿಟ್ಟರೆ ಹಾಡಲು ಬಂದ ಇಬ್ಬರು ಹೆಂಗಸರು, ಅಷ್ಟೇ.

*

ಫ್ರೆಂಚರು ದೂರದ ಹವಳದಿಬ್ಬದಲ್ಲಿ ಪರೀಕ್ಷೆಗೆಂದು ಅಣುಬಾಂಬು ಸಿಡಿಸುತ್ತಿದ್ದ ಕಾಲ. ಗಾಳಿ ಅವರ ಮಂಗರೇವಾ ದ್ವೀಪದತ್ತ ತಿರುಗುವ ಸೂಚನೆ ಸಿಕ್ಕರೆ ಊರನ್ನೆಲ್ಲ ತಗಡಿನ ಶೆಡ್ಡಿಗೆ ತುಂಬುತ್ತಿದ್ದರು. ಸಿಪಾಯಿಗಳಿಗೆ ಬೇರೆ, ದಪ್ಪ ಗೋಡೆಯ ಕಾಂಕ್ರೀಟು ಕೋಣೆ. ಬೀಳುವ ವಿಷದ ಧೂಳು ತೊಳೆದುಹೋಗಲೆಂದು ಪೈಪು ಹಿಡಿದು ತಗಡಿನ ಮೇಲೆ ನೀರು ಬಿಡುವುದು, ಹೊರಗಿನ ಚಿಲಕ ಕಾಯುವುದು ಅಕಾಕಿಯೋನ ಕೆಲಸ.

ಒಂದು ದಿನ ಶೆಡ್ಡಿನ ಒಳಗಿನಿಂದ ಅವನ ಹೆಂಡತಿ ಪೆರೆಪೆತುವಾ ಬಾಗಿಲು ಬಡಿದಳು. "ಮಗು ಬೆಂದುಹೋಗ್ತಿದೆ, ತೆಗಿ!"

ಅವನು ಕಾಂಕ್ರೀಟು ಕೋಣೆಯತ್ತ ಓಡಿದ. "ಸಾಹೇಬ್ರೇ, ಮಕ್ಕಳನ್ನಾದ್ರೂ ಇಲ್ಲಿಗೆ ಬಿಡಿ."

"ನಿಮ್ಮ ಜನಕ್ಕೆ ಸೆಕೆ ಅಭ್ಯಾಸ ಅಲ್ವೇನೋ?" ಎಂದು ನಕ್ಕ ಸಾರ್ಜೆಂಟ್. "ಆ ಬಾಗಿಲು ತೆಗೆದ್ಯೋ, ಹೊರಗಿನ ಗಾಳಿಗೇ ನಿನ್ನ ಮಗು ಸಾಯುತ್ತೆ."

ಅಕಾಕಿಯೋ ಆ ಮಾತನ್ನು ನಂಬಿದ. ತಾನು ಅದೇ ಗಾಳಿಯಲ್ಲಿ ಬರಿಮೈಯಲ್ಲಿ ನಿಂತು ನೀರು ಬಿಟ್ಟ. ಬಡಿತ ನಿಧಾನವಾಗಿ ನಿಂತಿತು. ಅವನು ಚಿಲಕ ಸರಿಸಲಿಲ್ಲ.

ಮಗು ಅಂದು ಬದುಕಿತು. ಕೆಲವು ವರ್ಷಗಳ ಮೇಲೆ ರಕ್ತದ ಕ್ಯಾನ್ಸರಿನಲ್ಲಿ ತೀರಿಕೊಂಡಿತು. ಮಣ್ಣು ಮಾಡಿದ ದಿನವೇ ಪೆರೆಪೆತುವಾ ಚಾಪೆ ಸುತ್ತಿಕೊಂಡು ಅಕ್ಕ ಕರಮೆಲಾಳ ಮನೆಗೆ ಬಂದುಬಿಟ್ಟಳು. ಅಕಾಕಿಯೋ ಪ್ರತಿ ಭಾನುವಾರ ಬೇಲಿಯಾಚೆ ಬಂದು ನಿಲ್ಲುತ್ತಿದ್ದ. ಅವಳು ಹೊರಗೆ ಬರುತ್ತಿರಲಿಲ್ಲ.

*

ಸಂಜೆಯ ಹೊತ್ತಿಗೆ ಗುಂಡಿ ಮುಚ್ಚಿದರು. ತೊರೊಮೊನಾ ಗುದ್ದಲಿ ತೊಳೆದುಕೊಂಡು ಹೊರಟ. "ಬರ್ತೀಯಾ ದೊಡ್ಡಮ್ಮ?"

"ನೀನು ನಡಿ. ಮನೆ ಮುಚ್ಚಿ ಬರ್ತೀನಿ."

ಅಕಾಕಿಯೋನ ಮನೆಯೊಳಕ್ಕೆ ಅವಳು ಕಾಲಿಟ್ಟಿದ್ದು ಎಷ್ಟೋ ವರ್ಷಗಳ ಮೇಲೆ. ಒಂದೇ ತಟ್ಟೆ, ಒಂದೇ ಕುರ್ಚಿ. ಅವಳು ಹಿಂಬಾಗಿಲು ಎಳೆದಳು. ಚಿಲಕವಿರಲಿಲ್ಲ. ಮೊಳೆ ಕಿತ್ತ ತೂತುಗಳಲ್ಲಿ ಕಣಜದ ಹುಳು ಗೂಡು ಕಟ್ಟಿತ್ತು. ಮುಂಬಾಗಿಲಿಗೂ ಇಲ್ಲ, ಬಚ್ಚಲಿಗೂ ಇಲ್ಲ. ಕಿಟಕಿಯ ಕೊಂಡಿಗಳನ್ನೂ ಅವನು ಕಿತ್ತಿದ್ದ.

ಸಮುದ್ರದ ಗಾಳಿಗೆ ಬಾಗಿಲುಗಳು ಬಡಿದುಕೊಳ್ಳತೊಡಗಿದವು. ಕರಮೆಲಾ ಹೊರಗೆ ಹೋಗಿ ಬಾಗಿಲಿಗೆ ಅಡ್ಡ ಕೊಡಲು ಕಲ್ಲೊಂದನ್ನು ಎತ್ತಿಕೊಂಡಳು. ಹೊಸ್ತಿಲವರೆಗೂ ತಂದು, ಚಿಲಕ ಕಿತ್ತ ತೂತುಗಳನ್ನು ನೋಡಿ, ಅದನ್ನು ಮೆಲ್ಲಗೆ ಅಂಗಳದಲ್ಲೇ ಇಳಿಸಿದಳು.