ಮೂಗಿನ ಔಷಧದ ಕೋಣೆಯ ಕುರ್ಚಿ

ನಾನು ಒಂದು ಒರಗು ಕುರ್ಚಿ. ಹುಬ್ಬಳ್ಳಿಯ ಪುಟ್ಟ ಕಾರ್ಖಾನೆಯೊಂದರಲ್ಲಿ ಮೌಲಾಸಾಬ ಎಂಬ ಮೇಸ್ತ್ರಿ ನನ್ನ ಕಬ್ಬಿಣದ ಮೈಗೆ ಬೆಸುಗೆ ಹಾಕಿ, ಸ್ಪಂಜು ತುಂಬಿ, ಕಂದು ರೆಕ್ಸಿನ್ ಹೊಲಿದ. ಕೊನೆಗೆ ತಾನೇ ಒರಗಿ ನೋಡಿ, "ಕುಂತಾವ್ರ ಬೆನ್ನು ನೋಯಬಾರದು, ಅಷ್ಟ" ಎಂದ. ನಾನು ಕೇಳಿದ ಮೊದಲ ಮಾತು ಅದು.

ಮೊದಲು ಒಂದು ಸಲೂನಿಗೆ ಹೋದೆ. ಮದುಮಗಂದಿರು ನನ್ನ ಮೇಲೆ ಕೂತು, ಕನ್ನಡಿ ನೋಡಿ ಖುಷಿಯಾಗಿ ಎದ್ದು ಹೋಗುತ್ತಿದ್ದರು. ಆ ಸಲೂನು ಮುಚ್ಚಿದಾಗ ಮನೋವೈದ್ಯೆ ಅನಸೂಯಾ ಹುಯಿಲಗೋಳ ನನ್ನನ್ನು ಕೊಂಡು ತಮ್ಮ ಕ್ಲಿನಿಕ್ಕಿಗೆ ತಂದರು. ಗುಳಿಗೆಗಳಿಗೆ ಬಗ್ಗದ ಖಿನ್ನತೆಯವರಿಗೆ ಅಲ್ಲಿ ಮೂಗಿಗೆ ಸಿಂಪಡಿಸುವ ಔಷಧವಿತ್ತು. ಮನೆಗೆ ಕೊಟ್ಟು ಕಳಿಸುವಂಥದ್ದಲ್ಲ. ನನ್ನ ಮೇಲೆ ಕೂತೇ ತೆಗೆದುಕೊಂಡು, ಆಮೇಲೆ ಎರಡು ತಾಸು ಅಲ್ಲೇ ಇರಬೇಕು. ನರ್ಸ್ ಫಿಲೋಮಿನಾ ಆಗಾಗ ಬಿಪಿ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಗದಗಿನಿಂದ ಬಸಲಿಂಗಪ್ಪ ಬಂದರು. ಬಸ್ಸಿನ ಡ್ರೈವರ್, ಸ್ಟೇರಿಂಗ್ ಬಿಟ್ಟು ಬಹಳ ಕಾಲವಾಗಿತ್ತು. ಉಣ್ಣಿರಿ ಎಂದರೆ ಉಣ್ಣುವರು. ತಾವಾಗಿ ಏನನ್ನೂ ಬೇಡರು. ಹೆಂಡತಿ ಶಿವಲೀಲಾ ಕೈಹಿಡಿದು ಕರೆತಂದಿದ್ದರು.

"ಗುಳಿಗಿ ಬದಲಿಸಿ ಬದಲಿಸಿ ಸಾಕಾತ್ರಿ ಮೇಡಂ. ಹರಕಿನೂ ಹೊತ್ತೆ. ನಮ್ಮೂರ ಡಾಕ್ಟರು ಇಂಥಾದ್ದೊಂದು ಐತಿ ಅಂದ್ರು. ಎಲ್ಲಿ ಕೊಡ್ತಾರ ಅಂತ ಕೇಳ್ಕೋಂತ ಇಲ್ಲಿತನಕ ಬಂದೀನಿ. ಇದೂ ಆಗಲಿಲ್ಲಂದ್ರ ಎಲ್ಲಿ ಹೋಗ್ಲಿ?"

ವೈದ್ಯೆ ಸುಳ್ಳು ಭರವಸೆ ಕೊಡಲಿಲ್ಲ. "ಎಲ್ಲಾರಿಗೂ ಆರಾಮ ಆಗ್ತದಂತ ಹೇಳಂಗಿಲ್ಲವಾ. ಭಾಳ ಮಂದಿಗೆ ಹಗುರ ಆಗೇದ. ಗುಳಿಗಿ ಮಾತ್ರ ಬಿಡಸಬ್ಯಾಡ. ಮತ್ತ ಇವತ್ತು ಇವರು ಗಾಡಿ ನಡಸಂಗಿಲ್ಲ."

"ಗಾಡಿ ಎಲ್ಲಿ ನಡಸ್ತಾರ್ರಿ..." ಎಂದು ಶಿವಲೀಲಾ ಮುಖ ತಿರುಗಿಸಿದರು.

ಔಷಧ ಏರಿದಾಗ ಬಸಲಿಂಗಪ್ಪ ನನ್ನ ಕೈಗಳನ್ನು ಬಿಗಿಯಾಗಿ ಹಿಡಿದರು. "ತೇಲಿದಂಗ ಆಗಾಕತ್ತೇತ್ರಿ" ಎಂದು ಗಾಬರಿಯಾದರು. "ಆಗ್ತದ್ರಿ, ಇಳೀತದ. ನಾ ಇಲ್ಲೇ ಅದೀನಿ" ಎಂದರು ಫಿಲೋಮಿನಾ.

ವಾರಕ್ಕೆ ಎರಡು ಸಲ ಬಂದರು. ಏನೂ ಬದಲಾಗಲಿಲ್ಲ. ಶಿವಲೀಲಾ ಬಾಗಿಲಾಚೆ ಹೋಗಿ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬರುತ್ತಿದ್ದರು.

ಒಂದು ಮಧ್ಯಾಹ್ನ, ಅಮಲು ಇಳಿದು ಮನೆಗೆ ಹೊರಡುವ ಹೊತ್ತು. ಹೊರಗೆ ಏರು ರಸ್ತೆಯಲ್ಲಿ ಬಸ್ಸೊಂದು ಏದುಸಿರು ಬಿಡುತ್ತಿತ್ತು. ಬಸಲಿಂಗಪ್ಪ ಹುಬ್ಬು ಗಂಟಿಕ್ಕಿದರು.

"ಯಾವನವಾ? ಏರಿನ್ಯಾಗ ನಾಕನೇ ಗೇರಿನ್ಯಾಗ ಎಳ್ಯಾಕತ್ಯಾನ. ಇಂಜಿನ್ ಅಳೂದು ಕೇಳ್ವಲ್ದೇನು ಅವಗ?"

ಶಿವಲೀಲಾ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. "ಬೈರಿ ಅವಗ," ಎಂದರು, "ಇನ್ನೊಮ್ಮಿ ಬೈರಿ."

ಅಂದಿನಿಂದ ನಿಧಾನವಾಗಿ ಬೆಳಕು ಬಂತು. ಹಸಿವಾಯಿತು ಎಂದರು, ಮಗಳಿಗೆ ಫೋನ್ ಮಾಡಿದರು, ಡಿಪೋದಲ್ಲಿ ಹಗುರ ಕೆಲಸಕ್ಕೆ ಸೇರಿದರು. ಎಲ್ಲರಿಗೂ ಹೀಗಾಗಲಿಲ್ಲ. ಕೆಲವರು ತಂದ ಭಾರವನ್ನೇ ಹೊತ್ತು ಎದ್ದರು. ಅವರಿಗೆ ವೈದ್ಯೆ ಬೇರೆ ದಾರಿ ಹುಡುಕಿದರು.

ಈಗ ನನ್ನ ಸ್ಪ್ರಿಂಗು ಸಡಿಲ, ರೆಕ್ಸಿನ್ ಬಿರುಕು. ಒಳಗೆ ಹೊಸ ಕುರ್ಚಿ ಬಂದಿದೆ. ನನ್ನನ್ನು ಹೊರಗೆ, ರೋಗಿಗಳ ಜೊತೆಗೆ ಬಂದವರು ಕಾಯುವ ಮೂಲೆಯಲ್ಲಿ ಇಟ್ಟಿದ್ದಾರೆ. ಬಸಲಿಂಗಪ್ಪ ಈಗಲೂ ಆಗೊಮ್ಮೆ ಈಗೊಮ್ಮೆ ಔಷಧಕ್ಕೆ ಬರುತ್ತಾರೆ. ಮೊನ್ನೆ ಅವರು ಒಳಗಿದ್ದಾಗ ಶಿವಲೀಲಾ ಬಂದು ನನ್ನ ಮೇಲೆ ಕೂತರು. ಮೊದಲು ಅಂಚಿನಲ್ಲಿ, ಆಮೇಲೆ ಬೆನ್ನು ಒರಗಿಸಿ. ಕೂತಲ್ಲೇ ನಿದ್ದೆ ಹೋದರು. ಕಾಯಿಲೆಯವರ ಭಾರವೇ ದೊಡ್ಡದೆಂದು ಇಷ್ಟು ದಿನ ತಿಳಿದಿದ್ದೆ. ಅವರನ್ನು ಕರೆತಂದವರ ಮೈ ಎಷ್ಟು ಭಾರವೆಂದು ಅಂದು ಗೊತ್ತಾಯಿತು.

ಚಿಕಿತ್ಸೆ ಮುಗಿಸಿ ಬಸಲಿಂಗಪ್ಪ ಹೊರಬಂದರು. ಫಿಲೋಮಿನಾ ಶಿವಲೀಲಾರ ಭುಜ ತಟ್ಟಲು ಬಗ್ಗಿದರು.

"ಎಬ್ಬಿಸಬ್ಯಾಡ್ರಿ ಸಿಸ್ಟರ್," ಎಂದು ಬಸಲಿಂಗಪ್ಪ ಮೆಲ್ಲಗೆ ತಡೆದು, ಪಕ್ಕದಲ್ಲೇ ನೆಲದ ಮೇಲೆ ಕೂತರು. "ಮಲಗ್ಲಿ. ನಾ ಕಾಯ್ತೀನಿ."